ಅಭಿಮಾನಿ ವಿಕಿ ಕಟ್ಟುವವರಿಗೆ: ಯಾವುದು ಯಾರದ್ದು ಎಂದು ಮೊದಲೇ ಬರೆದಿಡಿ

ತೀರ್ಥಹಳ್ಳಿಯಲ್ಲಿ ನಾವು ನಾಲ್ವರು ಸೇರಿ ವಿಕಿ (ಹಲವರು ಸೇರಿ ಬರೆದು ತಿದ್ದುವ ಜಾಲತಾಣ) ಶುರು ಮಾಡಿದ್ದು ಮಳೆಗಾಲದಲ್ಲಿ. ಮಲೆನಾಡಿನ ಕಥೆ ಇರುವ ಒಂದು ದಪ್ಪ ಕಾದಂಬರಿ. ಓದುತ್ತಾ ಹೋದ ಹಾಗೆ ಯಾರು ಯಾರ ಭಾವ, ಯಾವ ಮನೆ ಯಾವ ಗುಡ್ಡದ ಆಚೆ ಎನ್ನುವುದೇ ಮರೆತುಹೋಗುತ್ತಿತ್ತು. ಸುಮ್ನೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಆಮೇಲೆ ವಿಕಿಯಾಯಿತು. ಪಾತ್ರಕ್ಕೊಂದು ಪುಟ, ಅಧ್ಯಾಯಕ್ಕೊಂದು ಸಾರಾಂಶ, ಒಂದು ನಕಾಶೆ, ರಾಶಿ ಫೋಟೋ.

ಜನವರಿಯಲ್ಲಿ ಒಂದು ಫೋನ್ ಬಂತು. "ಮಾರಾಯ್ರೆ, ನಿಮ್ಮ ಮುಖಪುಟದಲ್ಲಿರೋ ತೆಪ್ಪೋತ್ಸವದ ಫೋಟೋ ನಂದು. ಎಳ್ಳಮಾವಾಸ್ಯೆ ಚಳೀಲಿ ಹೊಳೆ ದಂಡೆ ಮೇಲೆ ನಿಂತು ತೆಗ್ದಿದ್ದು. ಒಂದು ಮಾತು ಕೇಳ್ಬಾರದಿತ್ತಾ?" ದನಿಯಲ್ಲಿ ಸಿಟ್ಟಿಗಿಂತ ಬೇಜಾರೇ ಜಾಸ್ತಿ ಇತ್ತು. ಫೋಟೋ ನಮಗೆ ಸಿಕ್ಕಿದ್ದು ವಾಟ್ಸಾಪ್ ಗುಂಪಿನಲ್ಲಿ. ತೆಗೆದವರು ಯಾರು ಎಂದು ನಮ್ಮಲ್ಲಿ ಒಬ್ಬರಿಗೂ ಕೇಳಬೇಕು ಅನ್ನಿಸಿರಲಿಲ್ಲ. ಅವತ್ತೇ ವಿಕಿಯಿಂದ ತೆಗೆದುಹಾಕಿದೆವು. ಆಮೇಲೆ ಉಳಿದ 140 ಚಿತ್ರಗಳ ಮೂಲ ಹುಡುಕುತ್ತಾ ಕೂತೆವು. ಮೂರು ವಾರ ಹಿಡಿಯಿತು. ಅರ್ಧಕ್ಕಿಂತ ಜಾಸ್ತಿ ಅಳಿಸಬೇಕಾಯಿತು.

ಆ ಮೂರು ವಾರ ನಿಮಗಾದರೂ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ವಕೀಲನಲ್ಲ. ಕೈಗೆ ನೋಟಿಸ್ ಬಂದರೆ ವಕೀಲರ ಹತ್ತಿರವೇ ಹೋಗಿ.

ಹೆಜ್ಜೆ 1: ಒಂದು ಪುಟವನ್ನು ಬಿಡಿಸಿ ನೋಡಿ

ಹೊಸ ಪುಟ ಮಾಡುವ ಮೊದಲು, ಇರುವ ಒಂದು ಪುಟ ತೆರೆದು ಅದರಲ್ಲಿ ಏನೇನಿದೆ ಎಂದು ಎಣಿಸಿ. ನಮ್ಮ ನಾಯಕನ ಪುಟದಲ್ಲಿ ಇಷ್ಟಿತ್ತು: ಕಾದಂಬರಿಯಿಂದ ಎತ್ತಿದ ಎರಡು ಪ್ಯಾರಾ, ನಮ್ಮ ಗೆಳತಿ ಬರೆದ ಪರಿಚಯ, ಕನ್ನಡ ವಿಕಿಪೀಡಿಯದಿಂದ ತಂದ ಊರಿನ ವಿವರ, ಪುಸ್ತಕದ ಮುಖಪುಟ, ಸಿನಿಮಾದ ಒಂದು ಸ್ಟಿಲ್, ಯಾರದೋ ಮನೆಯ ಫೋಟೋ. ಒಂದೇ ಪುಟ, ಆರು ಜನ ಯಜಮಾನರು. ಪ್ಯಾರಾ ಲೇಖಕರದ್ದು. ಮುಖಪುಟ ಅದನ್ನು ಬಿಡಿಸಿದ ಕಲಾವಿದರದ್ದೋ ಪ್ರಕಾಶಕರದ್ದೋ. ಸ್ಟಿಲ್ ನಿರ್ಮಾಪಕರದ್ದು. ಹೀಗೆ.

ನಮ್ಮ ದೇಶದ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ 1957ರದ್ದು. ಅದರ ಪ್ರಕಾರ ಬರೆದ ಕ್ಷಣವೇ, ಫೋಟೋ ಕ್ಲಿಕ್ಕಿಸಿದ ಕ್ಷಣವೇ ಹಕ್ಕು ಹುಟ್ಟುತ್ತದೆ. ನೋಂದಣಿ ಬೇಕಿಲ್ಲ, ಸುತ್ತು ಹಾಕಿದ 'ಸಿ' ಗುರುತೂ ಬೇಕಿಲ್ಲ. ಹಾಗಾಗಿ "ಅದರ ಮೇಲೆ ಏನೂ ಬರೆದಿರಲಿಲ್ಲ" ಎಂಬ ಮಾತು ನಡೆಯುವುದಿಲ್ಲ. "ನಾವೇನು ದುಡ್ಡು ಮಾಡ್ತಿದ್ದೇವಾ?" ಎಂಬುದೂ ಅಷ್ಟೇ. ದುಡ್ಡಿಗಾಗಿ ಮಾಡಿಲ್ಲ ಎಂದರೆ ಕೋರ್ಟು ಶಿಕ್ಷೆ ಕಡಿಮೆ ಮಾಡಬಹುದು, ಆದರೆ ತಪ್ಪು ತಪ್ಪಲ್ಲ ಎಂದಾಗುವುದಿಲ್ಲ.

ಹೆಜ್ಜೆ 2: ಅವಧಿಯ ಲೆಕ್ಕ ಹಾಕಿ

ಇದು ಸುಲಭದ ಗಣಿತ. ಲೇಖಕರು ತೀರಿಕೊಂಡ ವರ್ಷ ತಗೊಳ್ಳಿ, 60 ಕೂಡಿಸಿ. ಆ ವರ್ಷದ ಡಿಸೆಂಬರ್ 31ರ ತನಕ ಹಕ್ಕು ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅವರ ಬರಹಕ್ಕೆ 2054ರ ಕೊನೆಯವರೆಗೆ ಹಕ್ಕಿದೆ. ಶಿವರಾಮ ಕಾರಂತರು 1997, ಅಂದರೆ 2057. ತ್ರಿವೇಣಿಯವರು 1963ರಲ್ಲೇ ಹೋದರು. ಅವರ ಕಾದಂಬರಿಗಳು 2024ರ ಜನವರಿ 1ರಿಂದ ಎಲ್ಲರವು. ಮೊದಲು ಈ ಅವಧಿ 50 ವರ್ಷ ಇತ್ತು. 1992ರ ತಿದ್ದುಪಡಿಯಲ್ಲಿ 60 ಆಯಿತು. ಸಿನಿಮಾ ಮತ್ತು ಧ್ವನಿಮುದ್ರಣಕ್ಕೆ ಸಾವಿನ ಲೆಕ್ಕವಿಲ್ಲ, ಬಿಡುಗಡೆಯಾದ ವರ್ಷದಿಂದ 60.

ಎಡವುವುದು ಇಲ್ಲಿ: ಕಾದಂಬರಿ ಎಲ್ಲರದ್ದಾಯಿತು ಎಂದರೆ ಅದನ್ನು ಆಧರಿಸಿದ ಸಿನಿಮಾ ಆಗಲಿಲ್ಲ. ಹಳಗನ್ನಡ ಕಾವ್ಯ ಎಲ್ಲರದ್ದು, ಆದರೆ ಹೋದ ವರ್ಷ ಅಚ್ಚಾದ ಅದರ ಗದ್ಯಾನುವಾದ, ಮುನ್ನುಡಿ, ಟಿಪ್ಪಣಿ ಬರೆದವರದ್ದೇ. ಹಳೆ ಪದ್ಯ ತಗೊಳ್ಳಿ, ಹೊಸ ಟಿಪ್ಪಣಿ ಬಿಡಿ.

ಹೆಜ್ಜೆ 3: ಕಥೆಯಿಂದ ಎಷ್ಟು ತೆಗೆದುಕೊಳ್ಳಬಹುದು?

ಅಭಿಮಾನಿ ವಿಕಿಯ ಕುತ್ತಿಗೆ ಸಿಕ್ಕಿಕೊಳ್ಳುವುದು ಇಲ್ಲೇ. ಸ್ವಲ್ಪ ನಿಧಾನ ನೋಡೋಣ.

ಕಲ್ಪನೆಗೆ ಹಕ್ಕಿಲ್ಲ, ಅದನ್ನು ಹೇಳಿದ ರೀತಿಗೆ ಹಕ್ಕಿದೆ. 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಅಣ್ಣ ತಮ್ಮಂದಿರ ಹಿಸ್ಸೆ ಜಗಳ ಯಾರ ಸ್ವತ್ತೂ ಅಲ್ಲ. ಆದರೆ ಒಬ್ಬ ಲೇಖಕರು ಆ ಜಗಳ ಕಟ್ಟಿದ ವಾಕ್ಯ, ಹೋಲಿಕೆ, ಮಾತುಕತೆ, ಪಾತ್ರಗಳ ವಿವರ ಅವರದ್ದು.

ಇದಕ್ಕೆ ಜಗತ್ತಿನಲ್ಲೇ ಹೆಸರಾದ ಉದಾಹರಣೆ ಹ್ಯಾರಿ ಪಾಟರ್ ಲೆಕ್ಸಿಕನ್. ಅಮೆರಿಕದ ಒಬ್ಬ ಅಭಿಮಾನಿ 2000ದಲ್ಲಿ ಶುರು ಮಾಡಿದ ತಾಣ. ಪಾತ್ರ, ಮಂತ್ರ, ಜಾಗ ಎಲ್ಲಕ್ಕೂ ಒಂದೊಂದು ನಮೂದು. ಲೇಖಕಿಯೇ ಅದನ್ನು ಹೊಗಳಿದ್ದರು. ತಾಣವಾಗಿ ಇರುವಷ್ಟು ದಿನ ಏನೂ ಆಗಲಿಲ್ಲ. ಅದನ್ನೇ ಪುಸ್ತಕ ಮಾಡಿ ಮಾರಲು ಹೊರಟಾಗ 2007ರಲ್ಲಿ ಕೇಸ್ ಬಿತ್ತು. 2008ರ ಸೆಪ್ಟೆಂಬರಿನಲ್ಲಿ ತೀರ್ಪು. ಪರಾಮರ್ಶನ ಕೈಪಿಡಿ ಬರೆಯುವುದೇ ತಪ್ಪು ಎಂದು ನ್ಯಾಯಾಧೀಶರು ಹೇಳಲಿಲ್ಲ. ಅಂಥ ಕೈಪಿಡಿಗಳನ್ನು ತಡೆಯುವ ಹಕ್ಕು ಲೇಖಕರಿಗೆ ಇಲ್ಲ ಎಂದರು. ಸೋತದ್ದು ಬೇರೆ ಕಾರಣಕ್ಕೆ: ಲೇಖಕಿಯ ಮಾತುಗಳನ್ನೇ ಬೇಕಾದ್ದಕ್ಕಿಂತ ಜಾಸ್ತಿ ಎತ್ತಿಕೊಂಡಿದ್ದರು. ಪರಿಹಾರ 6,750 ಡಾಲರ್. ತಿದ್ದಿ ಬರೆದ ಪುಸ್ತಕ 2009ರ ಜನವರಿಯಲ್ಲಿ ಹೊರಬಂತು. ಆ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆದರೂ ಅದು ಎಳೆದ ಗೆರೆ ವಿಕಿ ಬರೆಯುವವರಿಗೆ ಬಹಳ ಉಪಯೋಗದ್ದು.

ಗೆರೆ ಎಲ್ಲಿ ಬರುತ್ತದೆ ನೋಡಿ. ಇದು ನಾನೇ ಹೊಸೆದ ಸಾಲು, ಯಾವ ಪುಸ್ತಕದ್ದೂ ಅಲ್ಲ:

"ಮಳೆ ಹಿಡಿದು ಒಂಬತ್ತು ದಿನವಾಗಿತ್ತು. ಬಚ್ಚಲ ಒಲೆಯ ಮುಂದೆ ಕೂತ ಪುಟ್ಟಯ್ಯನಿಗೆ ಬೂದಿಯೊಳಗಿನ ಕೆಂಡ ಅಣ್ಣನ ಕಣ್ಣಿನ ಹಾಗೆ ಕಂಡಿತು."

ನಮ್ಮ ವಿಕಿಯ ಮೊದಲ ಸಾರಾಂಶಗಳೆಲ್ಲ ಹೀಗಿದ್ದವು:

"ಒಂಬತ್ತು ದಿನದಿಂದ ಮಳೆ ಹಿಡಿದಿರುತ್ತದೆ. ಬಚ್ಚಲ ಒಲೆ ಮುಂದೆ ಕೂತಿರುವ ಪುಟ್ಟಯ್ಯನಿಗೆ ಬೂದಿಯಲ್ಲಿನ ಕೆಂಡವು ಅಣ್ಣನ ಕಣ್ಣಿನಂತೆ ಕಾಣುತ್ತದೆ."

ಕ್ರಿಯಾಪದ ಬದಲಾಯಿತು, ಅಷ್ಟೇ. ಇದು ನಕಲು. ಈಗ ಹೀಗೆ ಬರೆಯುತ್ತೇವೆ:

"ಪುಟ್ಟಯ್ಯನಿಗೆ ಅಣ್ಣನ ಭಯ ಇದೆ ಎಂದು ಓದುಗರಿಗೆ ಮೊದಲು ಗೊತ್ತಾಗುವುದು ಈ ಅಧ್ಯಾಯದಲ್ಲಿ. 12ನೇ ಅಧ್ಯಾಯದ ಹಿಸ್ಸೆ ಜಗಳಕ್ಕೆ ಬೀಜ ಇಲ್ಲೇ ಬಿದ್ದಿದೆ. ಅಣ್ಣನ ಮಾತು ಬಂದಾಗಲೆಲ್ಲ ಬೆಂಕಿಯ ಹೋಲಿಕೆ ಬರುತ್ತದೆ. 7 ಮತ್ತು 19ನೇ ಅಧ್ಯಾಯ ನೋಡಿ."

ಈ ಹೊಸ ಸಾರಾಂಶ ಓದಿದರೆ ಪುಸ್ತಕ ಓದುವುದು ತಪ್ಪುವುದಿಲ್ಲ, ಪುಸ್ತಕದೊಳಗೆ ದಾರಿ ಸಿಗುತ್ತದೆ. ಅದೇ ವಿಕಿಯ ಕೆಲಸ ಅಲ್ವಾ? ನಮ್ಮ ನಿಯಮ ಒಂದೇ: ಅಧ್ಯಾಯ ಓದಿ, ಪುಸ್ತಕ ಮುಚ್ಚಿ, ಕಾಫಿ ಕುಡಿದು ಬಂದು ಬರೆಯಿರಿ. ಹೆಸರು, ಪುಟಸಂಖ್ಯೆ ಸರಿ ಇದೆಯಾ ಎಂದು ನೋಡುವುದಕ್ಕೆ ಮಾತ್ರ ಪುಸ್ತಕ ಮತ್ತೆ ತೆರೆಯಿರಿ.

ನೇರ ಸಾಲು ಬೇಕೇ ಬೇಕು ಎಂದಾಗ ಕಾಯ್ದೆಯ 52ನೇ ಸೆಕ್ಷನ್ ಇದೆ. ಸ್ವಂತ ಓದು ಮತ್ತು ಸಂಶೋಧನೆ, ವಿಮರ್ಶೆ, ಪ್ರಚಲಿತ ಘಟನೆಗಳ ವರದಿ, ಇವುಗಳಿಗೆ ನ್ಯಾಯವಾದ ರೀತಿಯಲ್ಲಿ ಬಳಸಬಹುದು. "ಮೂವತ್ತು ಸೆಕೆಂಡ್ ಓಕೆ", "ಶೇಕಡ 10 ಓಕೆ" ಎಂದು ಹೇಳುವವರು ಊರಿಗೊಬ್ಬರು ಸಿಗುತ್ತಾರೆ. ಆ ಸೆಕ್ಷನ್ನಿನಲ್ಲಿ ಅಂಥ ಅಳತೆಯೇ ಇಲ್ಲ. ಸಾಲಿನ ಬಗ್ಗೆ ನೀವು ಏನಾದರೂ ಹೇಳುತ್ತಿದ್ದೀರಾ, ಹೇಳಲು ಬೇಕಾದಷ್ಟೇ ತೆಗೆದಿದ್ದೀರಾ, ಲೇಖಕರ ಹೆಸರು ಹಾಕಿದ್ದೀರಾ ಎಂದು ಕೇಳಿಕೊಳ್ಳಿ. 'ಚಂದದ ಸಾಲುಗಳು' ಎಂದು ನಲವತ್ತು ಉದ್ಧರಣೆ ಪೇರಿಸಿದ ಪುಟ ನಮ್ಮಲ್ಲೂ ಇತ್ತು. ಎಲ್ಲರೂ ಜಾಸ್ತಿ ನೋಡುತ್ತಿದ್ದ ಪುಟ ಅದು. ಅದರಲ್ಲಿ ನಮ್ಮ ಮಾತು ಒಂದೂ ಇರಲಿಲ್ಲ. ತೆಗೆದೆವು.

ಹೆಜ್ಜೆ 4: ಚಿತ್ರ, ನಕಾಶೆ, ದನಿ

ಫೋಟೋದ ಹಕ್ಕು ಸಾಮಾನ್ಯವಾಗಿ ತೆಗೆದವರದ್ದು. ಫೋಟೋದಲ್ಲಿ ಇರುವವರದ್ದಲ್ಲ, ಗುಂಪಿಗೆ ಫಾರ್ವರ್ಡ್ ಮಾಡಿದವರದ್ದಂತೂ ಅಲ್ಲವೇ ಅಲ್ಲ. ಒಂದು ತಿರುವು ಇದೆ: ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಮದುವೆ ಆಲ್ಬಂ ಹಾಗೆ. ತೆಪ್ಪೋತ್ಸವದ ಫೋಟೋ ಯಾರೂ ಹೇಳಿ ತೆಗೆಸಿದ್ದಲ್ಲ, ಹಾಗಾಗಿ ಪೂರ್ತಿ ಅವರದ್ದೇ.

ಇಕ್ಕೇರಿಯ ದೇವಸ್ಥಾನ, ಕುಪ್ಪಳಿಯ ಕವಿಶೈಲದ ಕಲ್ಲುಗಳು ಇಂಥವನ್ನು ನೀವೇ ಹೋಗಿ ಕ್ಲಿಕ್ಕಿಸಿದರೆ ತಲೆನೋವೇ ಇಲ್ಲ. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ನಿಂತಿರುವ ಶಿಲ್ಪ, ಕಟ್ಟಡಗಳ ಫೋಟೋಗೆ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದರೆ ಆ ವಿನಾಯಿತಿ ಗೋಡೆ ಮೇಲಿನ ಬಣ್ಣದ ಚಿತ್ರಕ್ಕೆ ಇಲ್ಲ. ಸರ್ಕಲ್ಲಿನ ಪ್ರತಿಮೆ ಸರಿ, ಅದರ ಹಿಂದಿನ ಗೋಡೆಯಲ್ಲಿ ಯಾರೋ ಹೋದ ವರ್ಷ ಬಿಡಿಸಿದ ಯಕ್ಷಗಾನದ ವೇಷ ಬೇಡ. ವಿಚಿತ್ರ, ಆದರೆ ಹಾಗೇ ಇದೆ.

ಪುಸ್ತಕದ ಮುಖಪುಟ, ಸಿನಿಮಾ ಸ್ಟಿಲ್? ಆ ಕೃತಿಯ ಬಗ್ಗೆಯೇ ಬರೆದ ಪುಟದಲ್ಲಿ, ಚಿಕ್ಕ ಗಾತ್ರದಲ್ಲಿ, ಒಂದೇ ಒಂದು ಇದ್ದರೆ ವಿಮರ್ಶೆಯ ಆಸರೆ ಹಿಡಿಯಬಹುದು ಎಂದು ನನ್ನ ಅನಿಸಿಕೆ. ಹದಿನೈದು ಸ್ಟಿಲ್ ಹಾಕಿ ಗ್ಯಾಲರಿ ಮಾಡಿದರೆ ಆ ಆಸರೆ ಉಳಿಯುವುದಿಲ್ಲ. ವಿಕಿಪೀಡಿಯಕ್ಕೆ ಚಿತ್ರ ಒದಗಿಸುವ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಅದನ್ನು ಹಾಕಲೇಬೇಡಿ. ಅಲ್ಲಿ ಮುಕ್ತ ಪರವಾನಗಿ (ಯಾರು ಬೇಕಾದರೂ ಬಳಸಬಹುದು ಎಂಬ ಅನುಮತಿ) ಇರುವುದು, ಇಲ್ಲವೇ ಅವಧಿ ಮುಗಿದದ್ದು ಮಾತ್ರ ಇಟ್ಟುಕೊಳ್ಳುತ್ತಾರೆ.

ನಕಾಶೆಗೆ ಗೂಗಲ್ ಮ್ಯಾಪಿನ ಮೇಲೆ ಗೆರೆ ಎಳೆದು ನಕಲು ತೆಗೆಯಬೇಡಿ. ಜನರೇ ಸೇರಿ ಮಾಡಿದ ಮುಕ್ತ ನಕಾಶೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸಿ, ಕೆಳಗೆ "© ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು" ಎಂದು ಹಾಕಿ. ಕಾದಂಬರಿಯ ಒಳರಕ್ಷಾಪುಟದಲ್ಲಿ ನಕಾಶೆ ಇದ್ದರೆ ಅದೂ ಒಬ್ಬರ ಚಿತ್ರವೇ. ನಾವು ಕಥೆ ಓದಿ, ಹೊಳೆ ಎಡಕ್ಕೆ, ಗದ್ದೆ ಬಯಲು ಬಲಕ್ಕೆ ಎಂದು ಎಣಿಸಿ, ಕೈಯಲ್ಲೇ ಬಿಡಿಸಿದೆವು. ಒಂದು ಮನೆ ಎಲ್ಲಿ ಬರುತ್ತದೆ ಎಂದು ಎರಡು ಸಂಜೆ ಜಗಳವಾಡಿದ್ದೇವೆ.

ದನಿಯ ವಿಚಾರ ಮಲೆನಾಡಿನಲ್ಲಿ ಬೇಗ ಎದುರಾಗುತ್ತದೆ. ದೀಪಾವಳಿಗೆ ಮನೆಮನೆಗೆ ಅಂಟಿಗೆ ಪಂಟಿಗೆ ತಂಡ ಬರುತ್ತದಲ್ಲ, ಆ ಪದಗಳು ಬಾಯಿಂದ ಬಾಯಿಗೆ ಬಂದವು, ಕಟ್ಟಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಆದರೆ ಮೊನ್ನೆ ಹಾಡಿದವರಿಗೆ ಪ್ರದರ್ಶಕರ ಹಕ್ಕು ಇದೆ, 50 ವರ್ಷ. ಅದನ್ನು ರೆಕಾರ್ಡ್ ಮಾಡಿದವರಿಗೆ ಬೇರೆ ಹಕ್ಕು. ನಾವು ಮಾಡುವುದು ಹೀಗೆ: ಹಾಡು ಶುರುವಾಗುವ ಮೊದಲೇ ಅವರಿಗೆ ವಿಕಿ ಎಂದರೇನು, ಯಾರು ಬೇಕಾದರೂ ಬಳಸಬಹುದು ಎಂದರೆ ಏನು ಎಂದು ಬಿಡಿಸಿ ಹೇಳಿ, ಅವರ ಒಪ್ಪಿಗೆಯನ್ನು ಅದೇ ರೆಕಾರ್ಡಿಂಗಿನಲ್ಲಿ ಅವರ ದನಿಯಲ್ಲೇ ತೆಗೆದುಕೊಳ್ಳುತ್ತೇವೆ. ಆಮೇಲೆ ಒಂದು ಚೀಟಿಗೆ ಸಹಿ. ಸಹಿ ಹಾಕಲು ಹಿಂಜರಿದರೆ ಹಾಡು ಕೇಳಿ ಖುಷಿಪಟ್ಟು ಬರುತ್ತೇವೆ, ಅಪ್‌ಲೋಡ್ ಮಾಡುವುದಿಲ್ಲ.

ಹೆಜ್ಜೆ 5: ನಿಮ್ಮ ವಿಕಿಗೆ ಪರವಾನಗಿ ಆರಿಸಿ

ಪರವಾನಗಿ ಎಂದರೆ ಏನು ಎಂದು ನಮ್ಮ ಕಡೆಯವರಿಗೆ ಹೇಳಿಕೊಡುವುದು ಸುಲಭ. ಅಡಿಕೆ ತೋಟವನ್ನು ಚೇಣಿಗೆ ಕೊಡುತ್ತೇವಲ್ಲ? ಫಸಲು ಚೇಣಿದಾರನದ್ದು, ಕೊನೆ ಇಳಿಸಿಕೊಂಡು ಹೋಗುತ್ತಾನೆ. ತೋಟ ನಮ್ಮದೇ. ಪರವಾನಗಿ ಚೇಣಿಯ ಹಾಗೆ, ಹಕ್ಕು ವರ್ಗಾವಣೆ ತೋಟವನ್ನೇ ಕ್ರಯ ಮಾಡಿದ ಹಾಗೆ. ಒಂದು ವ್ಯತ್ಯಾಸವಿದೆ. ಕ್ರಿಯೇಟಿವ್ ಕಾಮನ್ಸ್ (ಸಿಸಿ) ಎಂಬ ಸಿದ್ಧ ಪರವಾನಗಿ ಕೊಟ್ಟರೆ ಅದು ಊರಿಗೆಲ್ಲ ಕೊಟ್ಟ ಚೇಣಿ, ಮುಂದಿನ ವರ್ಷ ವಾಪಸ್ ಕೇಳುವ ಹಾಗಿಲ್ಲ.

ಆರು ಬಗೆ ಇವೆ. ಅದರಲ್ಲಿ ಬರುವ ಅಕ್ಷರ ನಾಲ್ಕೇ: 'ಬೈ' ಎಂದರೆ ಹೆಸರು ಹಾಕಿ, 'ಎಸ್‌ಎ' ಎಂದರೆ ಬದಲಾಯಿಸಿದ್ದನ್ನು ಇದೇ ಷರತ್ತಿನಲ್ಲಿ ಹಂಚಿ, 'ಎನ್‌ಸಿ' ಎಂದರೆ ವ್ಯಾಪಾರಕ್ಕೆ ಬೇಡ, 'ಎನ್‌ಡಿ' ಎಂದರೆ ತಿದ್ದಿ ಹಂಚಬೇಡಿ. ಎನ್‌ಡಿ ಇರುವುದು ವಿಕಿಗೆ ಆಗಿಬರುವುದಿಲ್ಲ, ತಿದ್ದುವುದೇ ಅಲ್ಲಿಯ ಕಸುಬು.

ಎನ್‌ಸಿ ಹಾಕೋಣ ಎಂದು ನಮ್ಮಲ್ಲಿ ಇಬ್ಬರು ಹಟ ಹಿಡಿದಿದ್ದರು. "ನಾವು ಬರೆದಿದ್ದನ್ನ ಯಾರೋ ಮಾರ್ಕೊಂಡ್ರೆ?" ಅದೂ ನ್ಯಾಯವೇ. ಆದರೆ ಎನ್‌ಸಿ ಹಾಕಿದರೆ ವಿಕಿಪೀಡಿಯದ ಪಠ್ಯ ತಂದು ಬೆರೆಸುವ ಹಾಗಿಲ್ಲ, ನಮ್ಮದು ಅಲ್ಲಿಗೆ ಹೋಗುವ ಹಾಗೂ ಇಲ್ಲ. ಪುಕ್ಕಟೆ ವಿಕಿ ಜಾಗ ಕೊಡುವ ಕಂಪನಿಗಳು ಪುಟದ ಪಕ್ಕ ಜಾಹೀರಾತು ಹಾಕುತ್ತವೆ, ಅದು ವ್ಯಾಪಾರವಾ ಅಲ್ಲವಾ ಎಂಬ ಜಗಳ ಬೇರೆ. ಕೊನೆಗೆ ಸಿಸಿ ಬೈ-ಎಸ್‌ಎ 4.0 ಆಯಿತು. ವಿಕಿಪೀಡಿಯ 2023ರಿಂದ ಬಳಸುತ್ತಿರುವುದೂ ಅದನ್ನೇ. ನನ್ನನ್ನು ಕೇಳಿದರೆ ಅಭಿಮಾನಿ ವಿಕಿಗೆ ಇದೇ ಸರಿ.

ಆರಿಸುವುದನ್ನು ಮೊದಲ ದಿನವೇ ಮಾಡಿ. ಮೀಡಿಯವಿಕಿ (ವಿಕಿ ನಡೆಸುವ ತಂತ್ರಾಂಶ) ಇನ್‌ಸ್ಟಾಲ್ ಮಾಡುವಾಗಲೇ ಪರವಾನಗಿ ಯಾವುದು ಎಂದು ಕೇಳುತ್ತದೆ, ಖಾಲಿ ಬಿಡಬೇಡಿ. ಉಳಿಸುವ ಗುಂಡಿಯ ಮೇಲೆ ಒಂದು ಸಾಲು ಕನ್ನಡದಲ್ಲೇ ಇರಲಿ: "ಇದು ನಾನೇ ಬರೆದದ್ದು, ಸಿಸಿ ಬೈ-ಎಸ್‌ಎ 4.0 ಅಡಿ ಬಿಡುಗಡೆ ಮಾಡುತ್ತಿದ್ದೇನೆ." ಪ್ರತಿಯೊಬ್ಬರು ಬರೆದದ್ದರ ಹಕ್ಕು ಅವರವರದ್ದೇ ಆಗಿರುತ್ತದೆ. ಮುನ್ನೂರು ಜನ ಬರೆದ ಮೇಲೆ ಪರವಾನಗಿ ಬದಲಿಸಬೇಕು ಎಂದರೆ ಮುನ್ನೂರು ಜನರನ್ನೂ ಹುಡುಕಬೇಕು.

ಅಡಿಟಿಪ್ಪಣಿಯಲ್ಲಿ ಇನ್ನೊಂದು ಸಾಲು: "ಬೇರೆ ಹೇಳದಿದ್ದರೆ ಪಠ್ಯಕ್ಕೆ ಈ ಪರವಾನಗಿ. ಉದ್ಧರಣೆ ಮತ್ತು ಚಿತ್ರಗಳ ಹಕ್ಕು ಆಯಾ ಒಡೆಯರದ್ದು." ಕಾದಂಬರಿಯ ಸಾಲನ್ನು ಊರಿಗೆ ಚೇಣಿ ಕೊಡಲು ನಾವು ಯಾರು?

ಹೆಜ್ಜೆ 6: ವಿಕಿಪೀಡಿಯದಿಂದ ತರುವಾಗ

ತರಬಹುದು, ಆದರೆ ಬಾಯಿ ಮುಚ್ಚಿಕೊಂಡು ತರಬಾರದು. ಪುಟ ಉಳಿಸುವಾಗ ಬರೆಯುವ ಬದಲಾವಣೆಯ ಸಾರಾಂಶದಲ್ಲಿ ಮೂಲ ಪುಟದ ಹೆಸರು, ಕೊಂಡಿ, ಪರವಾನಗಿ ಹಾಕಿ. ನೀವು ತಿದ್ದಿದ್ದರೆ ತಿದ್ದಿದ್ದೀರಿ ಎಂದೂ ಹಾಕಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಲೇಖನಗಳೂ ಕ್ರಿಯೇಟಿವ್ ಕಾಮನ್ಸ್ ಅಡಿ ಸಿಕ್ಕಿವೆ. ಊರು, ಬೆಳೆ, ಇತಿಹಾಸದ ಹಿನ್ನೆಲೆಗೆ ನಮಗೆ ಬಹಳ ಕೈ ಹಿಡಿದವು.

ಹೆಜ್ಜೆ 7: ಅನುಮತಿ ಕೇಳುವುದು

ಮೊದಲ ಪ್ರಶ್ನೆ: ಯಾರನ್ನು? ಪುಸ್ತಕದ ಹಿಂದೆ ಪ್ರಕಾಶಕರ ಹೆಸರಿರುತ್ತದೆ, ಆದರೆ ಎಷ್ಟೋ ಸಲ ಅವರಿಗೆ ಅಚ್ಚು ಹಾಕುವ ಹಕ್ಕು ಮಾತ್ರ ಇರುತ್ತದೆ. ವರ್ಗಾವಣೆ ಪತ್ರದಲ್ಲಿ ಅವಧಿ ಬರೆದಿಲ್ಲ ಎಂದರೆ ಕಾಯ್ದೆ ಅದನ್ನು ಐದೇ ವರ್ಷ ಎಂದು ಹಿಡಿಯುತ್ತದೆ. ಲೇಖಕರ ನಂತರ ಹಕ್ಕು ವಾರಸುದಾರರಿಗೆ, ಇಲ್ಲವೇ ಉಯಿಲಿನಲ್ಲಿ ಯಾರ ಹೆಸರಿದೆಯೋ ಅವರಿಗೆ. ಕಾರಂತರ ಯಕ್ಷಗಾನ ಬ್ಯಾಲೆಯ ಹಕ್ಕು ಉಯಿಲಿನ ಮೂಲಕ ಹೋಗಿತ್ತು, ಆ ವ್ಯಾಜ್ಯ 2009ರಲ್ಲಿ ಸುಪ್ರೀಂ ಕೋರ್ಟಿನ ತನಕ ಬಂತು. ಹಾಗಾಗಿ ಮನೆಯವರಲ್ಲಿ ಒಬ್ಬರು "ಹಾಕ್ಕೊಳ್ಳಿ" ಎಂದರೆ ಸಾಲದು, ಹಕ್ಕು ಯಾರ ಹೆಸರಲ್ಲಿದೆ ಎಂದು ಕೇಳಿ.

ಪತ್ರ ಚಿಕ್ಕದಿರಲಿ, ಕೇಳುವುದು ಸ್ಪಷ್ಟವಿರಲಿ. ನಮ್ಮದು ಹೀಗಿತ್ತು:

"ಮಾನ್ಯರೆ, ತಮ್ಮ ತಂದೆಯವರ ಕಾದಂಬರಿಯ ಬಗ್ಗೆ ನಾವು ಓದುಗರು ಸೇರಿ ಒಂದು ಉಚಿತ ವಿಕಿ ನಡೆಸುತ್ತಿದ್ದೇವೆ. 1ನೇ ಪುಟದ ಮೊದಲ ಪ್ಯಾರಾ ಮತ್ತು ಅವರ ಒಂದು ಭಾವಚಿತ್ರವನ್ನು ಅದರಲ್ಲಿ ಹಾಕಲು ಅನುಮತಿ ಕೇಳುತ್ತಿದ್ದೇವೆ. ಇವೆರಡೂ ತಮ್ಮ ಹಕ್ಕಿನಲ್ಲೇ ಉಳಿಯುತ್ತವೆ, ಹಾಗೆಂದು ಅಲ್ಲೇ ನಮೂದಿಸುತ್ತೇವೆ. ತಾವು ಯಾವಾಗ ಹೇಳಿದರೂ ತೆಗೆಯುತ್ತೇವೆ. ಭಾವಚಿತ್ರ ತೆಗೆದವರು ಯಾರೆಂದು ತಿಳಿಸಿದರೆ ಉಪಕಾರ."

"ವಿಷಯ ಬಳಸಿಕೊಳ್ಳಲು ಅನುಮತಿ ಕೊಡಿ" ಎಂದು ಗೋಣಿಚೀಲದ ಹಾಗೆ ಕೇಳಿದರೆ ಯಾರೂ ಹೂಂ ಎನ್ನುವುದಿಲ್ಲ. ಉತ್ತರ ಬರದಿದ್ದರೆ ಅದು ಒಪ್ಪಿಗೆಯಲ್ಲ.

ಹೆಜ್ಜೆ 8: ಹೆಸರು

ಬರೀ ಶೀರ್ಷಿಕೆಗೆ ಕೃತಿಸ್ವಾಮ್ಯ ಇಲ್ಲ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಟ್ರೇಡ್‌ಮಾರ್ಕ್ ಬೇರೆ ಕಾನೂನು. ಸಿನಿಮಾ, ಧಾರಾವಾಹಿ, ಗೇಮ್‌ಗಳ ಲೋಗೋ ಹಾಕಿ ಅಧಿಕೃತ ತಾಣದ ಹಾಗೆ ಕಾಣಿಸಬೇಡಿ. ಮುಖಪುಟದ ಮೇಲ್ಭಾಗದಲ್ಲೇ "ಓದುಗರು ನಡೆಸುವ ಅನಧಿಕೃತ ವಿಕಿ" ಎಂದು ಹಾಕಿದರೆ ಆಯಿತು.

ಹೆಜ್ಜೆ 9: ದೂರು ಬಂದಾಗ

ದೂರು ಕೊಡುವುದಕ್ಕೆ ಒಂದು ಇಮೇಲ್ ವಿಳಾಸ ಎದ್ದು ಕಾಣುವ ಹಾಗಿರಲಿ. ಬೇರೆಯವರು ಹಾಕಿದ ವಿಷಯವನ್ನು ಇಟ್ಟುಕೊಂಡಿರುವವರು, ಹಕ್ಕುದಾರರ ಲಿಖಿತ ದೂರು ಬಂದ 36 ಗಂಟೆಯೊಳಗೆ ಅದು ಸಿಗದಂತೆ ಮಾಡಬೇಕು ಎಂದು 2013ರ ನಿಯಮ ಹೇಳುತ್ತದೆ. 21 ದಿನದೊಳಗೆ ಕೋರ್ಟಿನ ಆದೇಶ ಬರದಿದ್ದರೆ ಮತ್ತೆ ತೆರೆಯಬಹುದು. ನಿಮ್ಮ ಸರ್ವರ್ ಅಮೆರಿಕದ ಕಂಪನಿಯದ್ದಾದರೆ ಅಲ್ಲಿಯ ಡಿಎಂಸಿಎ (ಕೃತಿಸ್ವಾಮ್ಯ ಕಾನೂನು) ನೋಟಿಸ್ ಮೊದಲು ಅವರಿಗೇ ಹೋಗಬಹುದು. ಆಗ ಅವರು ನಿಮ್ಮನ್ನು ಕೇಳುತ್ತಾ ಕೂರುವುದಿಲ್ಲ.

ಒಂದು ತಾಂತ್ರಿಕ ವಿಚಾರ, ಎಲ್ಲರೂ ಮರೆಯುವಂಥದ್ದು. ಪುಟದಿಂದ ಚಿತ್ರ ತೆಗೆದರೆ ಫೈಲ್ ಹೋಗುವುದಿಲ್ಲ. ಪ್ಯಾರಾ ಅಳಿಸಿದರೆ ಅದು ಪುಟದ ಇತಿಹಾಸದಲ್ಲಿ ಹಾಗೇ ಕೂತಿರುತ್ತದೆ. ಫೈಲನ್ನೇ ಅಳಿಸಿ, ಹಳೆಯ ಆವೃತ್ತಿಗಳನ್ನು ನಿರ್ವಾಹಕರ ಖಾತೆಯಿಂದ ಮರೆಮಾಡಿ. ನಾವು ತೆಪ್ಪೋತ್ಸವದ ಫೋಟೋ ತೆಗೆದುಹಾಕಿದೆವು ಎಂದು ಹೇಳಿದ ಮೇಲೂ ಹಳೆ ಕೊಂಡಿ ಒತ್ತಿದರೆ ಅದು ತೆರೆದುಕೊಳ್ಳುತ್ತಿತ್ತು. ಅವರೇ ಎರಡನೇ ಸಲ ಫೋನ್ ಮಾಡಿ ಹೇಳಿದರು. ಮುಖ ಎಲ್ಲಿಡುವುದು ಎಂದಾಯಿತು.

ಹೆಜ್ಜೆ 10: ಹಕ್ಕಿನ ಪಟ್ಟಿ

ಇಷ್ಟೆಲ್ಲಕ್ಕೂ ಒಂದು ಸ್ಪ್ರೆಡ್‌ಶೀಟ್ ಸಾಕು. ಫೈಲಿನ ಹೆಸರು, ಮಾಡಿದವರು, ಎಲ್ಲಿಂದ ಬಂತು, ಯಾವ ಹಕ್ಕಿನ ಮೇಲೆ ಇಟ್ಟಿದ್ದೇವೆ, ಪುರಾವೆ ಎಲ್ಲಿದೆ, ಹಾಕಿದವರು, ತಾರೀಕು. ಅಪ್‌ಲೋಡ್ ಮಾಡುವ ಹೊತ್ತಿಗೇ ತುಂಬಿ, ಆಮೇಲೆ ಎಂದರೆ ಆಗುವುದಿಲ್ಲ. ಯಾವುದಾದರೂ ಮನೆ ಖಾಲಿ ಉಳಿದರೆ ಆ ಫೈಲ್ ವಿಕಿಗೆ ಹೋಗಬಾರದು.

ತೆಪ್ಪೋತ್ಸವದ ಫೋಟೋ ಈಗ ಮತ್ತೆ ಮುಖಪುಟದಲ್ಲಿದೆ. ಕ್ಷಮೆ ಕೇಳಲು ಹೋದಾಗ ಅವರು ಕಂಪ್ಯೂಟರ್ ತೆರೆದು ಅದೇ ರಾತ್ರಿಯ ಇನ್ನೂ ಎಂಟು ಫೋಟೋ ತೋರಿಸಿದರು. ಮುಖಪುಟದಲ್ಲಿದ್ದ ಒಂದಕ್ಕೆ ಸಿಸಿ ಬೈ-ಎಸ್‌ಎ ಒಪ್ಪಿದರು, ಉಳಿದವಕ್ಕೆ ಬೇಡ ಎಂದರು. ನಮ್ಮ ಪಟ್ಟಿಯ 1ನೇ ಸಾಲು ಅದು. ಪುರಾವೆಯ ಮನೆಯಲ್ಲಿ "ಸಹಿ ಮಾಡಿದ ಚೀಟಿ, ಕಡತ 1" ಎಂದಿದೆ. ಟಿಪ್ಪಣಿಯಲ್ಲಿ ಅವರು ಹೇಳಿದ ಷರತ್ತು: "ಹೆಸರು ದೊಡ್ಡದಾಗಿ ಹಾಕಿ ಮಾರಾಯ್ರೆ, ಕಾಣೋ ಹಾಗೆ."